ನಮ್ಮದಲ್ಲದ ಬೀಗ

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಆಳು ನೋಡಿದರೆ ಬಾಗಿಲಿನಷ್ಟು ಎತ್ತರ. ಎದೆಯೊಳಗೆ ಮಾತ್ರ ಸದಾ ಪುಕುಪುಕು. ಮನೆಯಿಂದ ಹೊರಟವರು ಬೀದಿಯ ತಿರುವಿನವರೆಗೆ ಹೋಗಿ ವಾಪಸು ಬಂದು ಬೀಗ ಜಗ್ಗಿ ನೋಡುತ್ತಾರೆ. ಜಗ್ಗಿದ್ದು ಸಾಲದೆಂದು ಬಗ್ಗಿ ಕಣ್ಣಾರೆ ಕೂಡ ನೋಡುತ್ತಾರೆ. ಗ್ಯಾಸ್ ಆರಿಸಿದ್ದು, ನಲ್ಲಿ ಮುಚ್ಚಿದ್ದು, ಕಿಟಕಿಗೆ ಕೊಂಡಿ ಹಾಕಿದ್ದು, ಎಲ್ಲಕ್ಕೂ ಅವರಿಗೆ ಸಾಕ್ಷಿ ಬೇಕು. ತಲೆ ಹೆಗಲ ಮೇಲೇ ಇದೆಯೋ ನೋಡಿಕೊಳ್ಳಿ ಭಾವ, ಯಾರಾದರೂ ಹೊತ್ತುಕೊಂಡು ಹೋದಾರು ಅಂತ ನಾನು ರೇಗಿಸಿದರೆ ನಗುತ್ತಾರೆ. ನಕ್ಕ ಮೇಲೆ ಒಂದು ಸಲ ಕುತ್ತಿಗೆ ಮುಟ್ಟಿಕೊಳ್ಳುತ್ತಾರೆ.

ಅವರನ್ನು ಹೀಗೆ ಮಾಡಿಟ್ಟವರು ಈ ಊರಿನ ಸೈಕಲ್ ಕಳ್ಳರು, ಅವರ ಕೈ ಸೇದಿಹೋಗ. ಭಾವ ಕಳೆದುಕೊಂಡ ಮೊದಲನೆಯ ಸೈಕಲ್ಲು ಹೊಚ್ಚ ಹೊಸದು. ಮುಂದಿನ ಚಕ್ರವನ್ನು ಕಂಬಿಗೆ ಸೇರಿಸಿ ಬೀಗ ಹಾಕಿ ಹೋಗಿದ್ದರು. ಬಂದು ನೋಡಿದರೆ ಚಕ್ರ ಇದೆ, ಬೀಗ ಇದೆ, ಸೈಕಲ್ಲಿಲ್ಲ. ಕಳ್ಳ ಆ ಚಕ್ರವೊಂದನ್ನು ಬಿಚ್ಚಿ ಬಿಟ್ಟು ಉಳಿದದ್ದನ್ನು ಎತ್ತಿಕೊಂಡು ಹೋಗಿದ್ದ. ಒಂಟಿ ಚಕ್ರವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಮನೆಗೆ ಬಂದ ಭಾವನ ಮುಖವನ್ನು ನಾನು ಮರೆಯಲಾರೆ. ಎರಡನೆಯ ಸೈಕಲ್ಲಿಗೆ ಚಕ್ರ, ಚೌಕಟ್ಟು ಎಲ್ಲ ಸೇರಿಸಿ ಸರಪಳಿ ಸುತ್ತಿ, ರಸ್ತೆಯ ಪಕ್ಕದ ಫಲಕದ ಕಂಬಕ್ಕೆ ಕಟ್ಟಿದರು. ಬೀಗ ಭದ್ರ, ಸರಪಳಿ ಭದ್ರ, ಕಂಬ ಮಾತ್ರ ಗಿಡ್ಡ. ಯಾರೋ ಪುಣ್ಯಾತ್ಮರು ಸೈಕಲ್ಲನ್ನು ಸರಪಳಿಯ ಸಮೇತ ಎತ್ತಿ ಕಂಬದ ತಲೆಯ ಮೇಲಿಂದ ಬಿಡಿಸಿಕೊಂಡು ಹೋದರು. ಠಾಣೆಗೆ ಹೋಗಿ ಹೇಳಿದರೆ ಅಲ್ಲಿದ್ದವನು ಕಂಬ ಎಷ್ಟು ಎತ್ತರ ಅಂತ ಕೇಳಿ ನಕ್ಕನಂತೆ. ಕೇಳಿ ನನಗೆ ಪಿತ್ತ ನೆತ್ತಿಗೇರಿತು. ಭಾವ ಮಾತ್ರ ಅಂದಿನಿಂದ ಕಂಬಗಳ ತುದಿ ನೋಡಿಕೊಂಡು ನಡೆಯತೊಡಗಿದರು.

ಈಗಿನದು ಮೂರನೆಯದು, ಹಳೆಯದು. ಯಾರ ಕಣ್ಣೂ ಬೀಳಬಾರದೆಂದು ಭಾವ ಅದಕ್ಕೆ ತಾವೇ ಬೂದಿ ಬಣ್ಣ ಬಳಿದು, ಅಲ್ಲಲ್ಲಿ ತುಕ್ಕಿನ ಬಣ್ಣದ ಮಚ್ಚೆ ಇಟ್ಟು, ನೋಡಿದವರಿಗೆ ಅಯ್ಯೋ ಪಾಪ ಅನ್ನಿಸುವ ಹಾಗೆ ಮಾಡಿದ್ದಾರೆ. ಸೀಟನ್ನು ಕದ್ದಾರೆಂದು ಅದನ್ನೂ ಉದ್ದನೆಯ ತಂತಿಯಿಂದ ಚೌಕಟ್ಟಿಗೆ ಕಟ್ಟಿದ್ದಾರೆ. ಈ ದರಿದ್ರ ಸೈಕಲ್ಲಿನ ಮೇಲೆಯೇ ಒಂದು ಸಂಸಾರದ ಎರಡು ಕೆಲಸ ನಿಂತಿವೆ. ಭಾವನದು ಆಸ್ಪತ್ರೆಯ ಲಾಂಡ್ರಿಯಲ್ಲಿ ರಾತ್ರಿ ಪಾಳಿ. ಹಾಸಿಗೆಯ ಬಟ್ಟೆಗಳನ್ನು ದೊಡ್ಡ ಯಂತ್ರಕ್ಕೆ ತುಂಬುವುದು, ಕುದಿಸುವುದು, ಹಿಂಡುವುದು. ಬೆಳಗ್ಗೆ ಬರುವಾಗ ಅವರ ಬೆರಳುಗಳು ಬಿಳಿಚಿ ಸುಕ್ಕಾಗಿರುತ್ತವೆ. ಅಕ್ಕನದು ಹಗಲು ಕೆಲಸ. ಗುಡ್ಡದ ಮೇಲಿನ ಬಡಾವಣೆಯಲ್ಲಿ ಒಂಟಿಯಾಗಿರುವ, ನಿವೃತ್ತಿಯಾದ ಶಿಕ್ಷಕಿಯೊಬ್ಬರನ್ನು ನೋಡಿಕೊಳ್ಳುತ್ತಾಳೆ. ಎಲ್ಲರೂ ಅವರನ್ನು ಟೀಚರಮ್ಮ ಅಂತಲೇ ಕರೆಯುವುದು. ಆಸ್ಪತ್ರೆಯ ಕಡೆಗೆ ರಾತ್ರಿ ಬಸ್ಸಿಲ್ಲ, ಗುಡ್ಡಕ್ಕೆ ಯಾವ ಹೊತ್ತಿಗೂ ಬಸ್ಸಿಲ್ಲ. ಅದಕ್ಕೇ ಗಂಡ ಹೆಂಡತಿ ಒಂದು ಏರ್ಪಾಡು ಮಾಡಿಕೊಂಡಿದ್ದಾರೆ. ಬೆಳಕು ಹರಿಯುವ ಹೊತ್ತಿಗೆ ಭಾವ ಪಾಳಿ ಮುಗಿಸಿ ಬಂದು, ಬಸ್ ನಿಲ್ದಾಣದ ಎದುರಿನ ಕಬ್ಬಿಣದ ಕಂಬಿಗೆ ಸೈಕಲ್ಲು ಕಟ್ಟಿ, ಬಸ್ಸು ಹತ್ತಿ ಮನೆಗೆ ಹೋಗುತ್ತಾರೆ. ಅಕ್ಕ ಮನೆಯಿಂದ ಬಸ್ಸಿನಲ್ಲಿ ಬಂದು ಅದೇ ಸೈಕಲ್ಲು ಬಿಚ್ಚಿಕೊಂಡು ಗುಡ್ಡ ಹತ್ತುತ್ತಾಳೆ. ಸಂಜೆ ಇದೇ ಆಟ ತಿರುಗಾಮುರುಗಾ. ಬೀಗ ಒಂದು, ಕೀ ಎರಡು, ಒಬ್ಬೊಬ್ಬರ ಹತ್ತಿರ ಒಂದೊಂದು.

ಆ ಕಂಬಿಯ ಎದುರಿಗೇ ನನ್ನ ಹೊಲಿಗೆ ಅಂಗಡಿ. ಹೊಸ ಬಟ್ಟೆ ಹೊಲಿಯುವುದಿಲ್ಲ, ಹಳೆಯದನ್ನು ಬಿಗಿ ಮಾಡುವುದು, ಸಡಿಲ ಮಾಡುವುದು, ಜಿಪ್ ಹಾಕುವುದು, ಅಂಚು ಮಡಿಸುವುದು. ರಜೆಯ ದಿನ ಬಿಟ್ಟರೆ ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ಸರಿಯಾಗಿ ನೋಡುವುದಿಲ್ಲ, ನನಗೆ ಮಾತ್ರ ಇಬ್ಬರೂ ಕಾಣುತ್ತಾರೆ. ಸಂಜೆ ಮೊದಲು ಅಕ್ಕ, ಆಮೇಲೆ ಭಾವ. ಹೀಗಾಗಿ ಒಂದು ವಿಷಯ ನನಗೆ ಗೊತ್ತು. ಅಕ್ಕ ಕುಳ್ಳಿ. ಭಾವ ಬೆಳಗ್ಗೆ ಸೈಕಲ್ಲು ಕಟ್ಟಿದ ಮೇಲೆ, ಸೀಟಿನ ಕೆಳಗಿನ ಹಿಡಿ ಸಡಿಲಿಸಿ ಸೀಟನ್ನು ಅಕ್ಕನ ಎತ್ತರಕ್ಕೆ ಇಳಿಸಿಯೇ ಹೋಗುವುದು. ಅಕ್ಕ ಸಂಜೆ ಬಂದು ಅದನ್ನು ಭಾವನ ಎತ್ತರಕ್ಕೆ ಏರಿಸಿಯೇ ಬಸ್ಸು ಹತ್ತುವುದು. ತನ್ನ ಸೀಟನ್ನು ತಾನು ಸರಿಮಾಡಿಕೊಳ್ಳುವ ಕಷ್ಟ ಇಬ್ಬರಿಗೂ ಇಲ್ಲ. ಅಕ್ಕ ಬೆಳಗ್ಗೆ ಬಂದವಳು ಮೊದಲು ಮುಟ್ಟುವುದು ಸೀಟನ್ನು. ಇಳಿದಿದ್ದರೆ ಗಂಡ ರಾತ್ರಿ ಕಳೆದು ಕ್ಷೇಮವಾಗಿ ಬಂದು ಹೋಗಿದ್ದಾನೆ ಎಂದರ್ಥ. ಒಬ್ಬರಿಗೊಬ್ಬರು ಕಾಣುವುದು ಸೇತುವೆಯ ಹತ್ತಿರ, ಅವರವರ ಬಸ್ಸು ಎದುರುಬದುರಾದಾಗ. ಇಬ್ಬರೂ ಅದಕ್ಕೆಂದೇ ಕಿಟಕಿಯ ಪಕ್ಕ ಕೂರುತ್ತಾರೆ. ಭಾವ ಗಾಜಿನಾಚೆಯಿಂದ ಕೈ ತಿರುಗಿಸಿ, ಬಾಗಿಲಿಗೆ ಬೀಗ ಹಾಕಿದೆಯಾ ಅಂತ ಸನ್ನೆ ಮಾಡುತ್ತಾರೆ. ಅಕ್ಕ ಹೂಂ ಅಂತ ತಲೆ ಆಡಿಸುತ್ತಾಳೆ. ಅಷ್ಟೇ ಅವರ ದಿನದ ಸಂಸಾರ.

ಟೀಚರಮ್ಮನ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಮದುವೆಯಾಗಲಿಲ್ಲ, ಮಂಡಿ ಸೋತಿದೆ, ಸಕ್ಕರೆ ಕಾಯಿಲೆ ಇದೆ, ಬುದ್ಧಿ ಮಾತ್ರ ಕತ್ತರಿಯ ಅಲಗು. ಬೆಳಗ್ಗೆ ಅಕ್ಕ ಹೋಗಿ ಇನ್ಸುಲಿನ್ ಚುಚ್ಚಿದ ಮೇಲೆಯೇ ಅವರು ತಿಂಡಿ ತಿನ್ನುವುದು. ಹಿಂದೊಮ್ಮೆ ಮೀಟರ್ ನೋಡುವವನು ಅಂತ ಹೇಳಿಕೊಂಡು ಬಂದ ಯಾವನಿಗೋ ಬಾಗಿಲು ತೆಗೆದು ಬಳೆ ಕಳೆದುಕೊಂಡಿದ್ದರು. ಅಂದಿನಿಂದ ಅವರ ತಮ್ಮನ ಮಗ ಒಂದು ಕಟ್ಟಳೆ ಮಾಡಿದ. ಸಂಜೆ ಅವರು ಮಲಗಿದ ಮೇಲೆ ಅಕ್ಕ ಹೊರಗಿನಿಂದ ಬೀಗ ಹಾಕಿಕೊಂಡು ಬರಬೇಕು, ಬೆಳಗ್ಗೆ ಅವರು ಏಳುವ ಮೊದಲೇ ಹೋಗಿ ತೆಗೆಯಬೇಕು. ಹಿಂದಿನ ಬಾಗಿಲಿಗೆ ಮೊಳೆ ಹೊಡೆಸಿದ್ದ, ಕಿಟಕಿಗಳಿಗೆ ಸರಳು ಇದ್ದವು. ಅತ್ತೆಗೆ ಹೇಳಬೇಡಿ, ಸುಮ್ಮನೆ ನೊಂದುಕೊಳ್ಳುತ್ತಾರೆ ಅಂದಿದ್ದ. ಅಕ್ಕ ಹೇಳಿರಲಿಲ್ಲ. ಟೀಚರಮ್ಮನಿಗೆ ಗೊತ್ತೇ ಇರಲಿಲ್ಲ. ಆ ಮನೆಯ ಕೀ ಅಕ್ಕನ ಚೀಲದಲ್ಲಿ ಸೈಕಲ್ಲಿನ ಕೀಯ ಜೊತೆ ಒಂದೇ ಉಂಗುರದಲ್ಲಿ ಇರುತ್ತಿತ್ತು.

ಈಚೆಗೆ ನಮ್ಮ ಕಂಬಿಯಿಂದ ಸಾಲಾಗಿ ಸೈಕಲ್ಲುಗಳು ಹೋಗತೊಡಗಿದವು. ನಿಲ್ದಾಣದ ಟೀ ಅಂಗಡಿಯವನು ಕಳ್ಳರ ಹೊಸ ಉಪಾಯ ಒಂದನ್ನು ಬಂದವರಿಗೆಲ್ಲ ಹೇಳುತ್ತಿದ್ದ. ಕಳ್ಳ ಮೊದಲು ಬಂದು ನಿಮ್ಮ ಸೈಕಲ್ಲಿಗೆ ತನ್ನದೊಂದು ಬೀಗ ಹಾಕಿ ಹೋಗುತ್ತಾನಂತೆ. ನೀವು ಬಂದು ನೋಡಿ, ತೆಗೆಯಲಾಗದೆ ತಲೆ ಮೇಲೆ ಕೈ ಹೊತ್ತುಕೊಂಡು ಸೈಕಲ್ಲು ಅಲ್ಲೇ ಬಿಟ್ಟು ಹೋಗುತ್ತೀರಿ. ಜನ ಕಡಿಮೆಯಾದ ಮೇಲೆ ಅವನು ಬಂದು ನಿಮ್ಮ ಬೀಗ ಕತ್ತರಿಸಿ, ತನ್ನದನ್ನು ಕೀಯಿಂದ ತೆಗೆದುಕೊಂಡು ಆರಾಮಾಗಿ ಹೋಗುತ್ತಾನೆ. ಇದನ್ನು ಕೇಳಿದ ದಿನ ಭಾವ ಟೀ ಅರ್ಧಕ್ಕೇ ಬಿಟ್ಟರು. ನನ್ನ ಅಂಗಡಿಗೆ ಬಂದು, ಈ ಸೈಕಲ್ಲೂ ಹೋದರೆ ನಾವಿಬ್ಬರೂ ಮನೆಯಲ್ಲಿ ಕೂರಬೇಕಾಗುತ್ತದೆ ಅಂದರು. ಹೋದಾಗ ನೋಡಿಕೊಳ್ಳೋಣ, ಈಗಲೇ ಯಾಕೆ ಅಳುತ್ತೀರಿ ಅಂತ ನಾನು ಗದರಿದೆ. ಅವರು ಸರಪಳಿ ಒರೆಸುವುದಕ್ಕೆ ಒಂದು ಚಿಂದಿ ಕೇಳಿ ಇಸಿದುಕೊಂಡು ಹೋದರು.

ಅದಾಗಿ ಸ್ವಲ್ಪ ದಿನಕ್ಕೆ, ಒಂದು ಬೆಳಗ್ಗೆ ನಾನು ಅಂಗಡಿ ತೆಗೆಯಲು ಬಂದಾಗ ಅಕ್ಕ ಕಂಬಿಯ ಹತ್ತಿರ ನಿಂತಿದ್ದಳು. ಅಷ್ಟು ಹೊತ್ತಿಗೆ ಅವಳು ಗುಡ್ಡದ ಮೇಲಿರಬೇಕಾಗಿತ್ತು. ಒಂದು ಕೈಯಲ್ಲಿ ನಮ್ಮ ಹಳೆಯ ಬೀಗ ಬಿಚ್ಚಿ ಹಿಡಿದುಕೊಂಡಿದ್ದಳು, ಇನ್ನೊಂದು ಕೈ ಸೀಟಿನ ಮೇಲಿತ್ತು. ಮುಖ ಸುಣ್ಣ ಬಳಿದ ಹಾಗೆ ಬೆಳ್ಳಗಾಗಿತ್ತು. ಏನಾಯಿತೆಂದು ಕೇಳಿದರೆ ಗಲ್ಲದಿಂದಲೇ ಮುಂದಿನ ಚಕ್ರದ ಕಡೆ ತೋರಿಸಿದಳು. ಚಕ್ರಕ್ಕೂ ಕಂಬಿಗೂ ಸೇರಿಸಿ, ಲಾಳದಂಥ ದಪ್ಪನೆಯ ಕಪ್ಪು ಬೀಗ. ಹೊಸದು, ಫಳಫಳ ಹೊಳೆಯುತ್ತಿತ್ತು. ನಮ್ಮದಲ್ಲ.

ಟೀ ಅಂಗಡಿಯವನು ಹೇಳಿದ್ದು ಅಕ್ಷರ ಅಕ್ಷರ ನಮ್ಮ ಪಾಲಿಗೆ ಬಂದು ನಿಂತಿತ್ತು. ಭಾವನಿಗೆ ಫೋನ್ ಮಾಡಿದ್ದೀಯಾ ಅಂದೆ. ಮಾಡಿ ಮಾಡಿ ಸಾಕಾಗಿದೆ, ಸ್ವಿಚ್ ಆಫ್ ಅಂತ ಬರುತ್ತಿದೆ ಅಂದಳು. ಹೌದು, ಭಾವ ಬೆಳಗ್ಗೆ ಮನೆ ಸೇರಿದವರು ಫೋನು ಆರಿಸಿ, ಕಿವಿಗೆ ಹತ್ತಿ ತುರುಕಿಕೊಂಡು ಮಲಗುವವರು, ನೆತ್ತಿಯ ಮೇಲೆ ತಮಟೆ ಬಡಿದರೂ ಏಳುವುದಿಲ್ಲ. ಸೇತುವೆಯ ಹತ್ತಿರ ಬಸ್ಸಿನಲ್ಲಿ ಕಂಡಿದ್ದರಂತೆ, ಎಂದಿನಂತೆ ಬೀಗದ ಸನ್ನೆಯನ್ನೂ ಮಾಡಿದ್ದರಂತೆ. ಸೀಟೂ ಇಳಿದಿತ್ತು. ಅಂದರೆ ಅವರು ಬಂದು ಕಟ್ಟಿ ಹೋದ ಮೇಲೆ, ಅಕ್ಕ ಬರುವ ಮೊದಲು, ಆ ಸಣ್ಣ ಸಂದಿಯಲ್ಲಿ ಕಳ್ಳ ತನ್ನ ಕೆಲಸ ಮಾಡಿದ್ದ.

"ನಾನು ಹೋದ್ರೆ ಸೈಕಲ್ ಹೋಗತ್ತೆ. ಹೋಗ್ದಿದ್ರೆ ಅಲ್ಲಿ ಅವರು... ಬೀಗ ಹಾಕಿದೆ ಕಣೇ, ಕೀ ನನ್ನ ಹತ್ರ ಇದೆ" ಅಂದಳು ಅಕ್ಕ.

ಕೋಪ ನನ್ನ ಹಿಡಿತ ಮೀರಿ ಬಂತು. ಎಷ್ಟು ಹೊತ್ತಿನಿಂದ ಹೀಗೆ ನಿಂತಿದ್ದೀಯೇ, ಈ ಕಬ್ಬಿಣದ ಗುಜರಿಯನ್ನು ಕಾಯುತ್ತಾ ಅಂತ ಕಿರುಚಿದೆ. ಅವಳಿಗೇ ಗೊತ್ತಿರಲಿಲ್ಲ. ಈಗ ನೀನು ಬರುತ್ತೀಯ, ಈಗ ಬರುತ್ತೀಯ ಅಂತ ಕಾದೆ ಅಂದಳು. ನಾನು ಅವಳ ಹೆಗಲು ಹಿಡಿದು ಗುಡ್ಡದ ದಾರಿಗೆ ತಿರುಗಿಸಿದೆ. ಸೈಕಲ್ಲು ನನ್ನ ಜವಾಬ್ದಾರಿ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತೇನೆ, ಓಡು ಅಂದೆ. ಸೀರೆಯ ನೆರಿಗೆ ಎತ್ತಿ ಹಿಡಿದುಕೊಂಡು ಅಕ್ಕ ಓಡಿದ್ದನ್ನು ಅಂದೇ ನಾನು ನೋಡಿದ್ದು. ಆ ಏರು ಸೈಕಲ್ಲಿನವರೂ ಇಳಿದು ತಳ್ಳಿಕೊಂಡು ಹೋಗುವ ಏರು.

ಆಮೇಲೆ ನಾನು ಕಂಬಿಗೆ ಒರಗಿ ನಿಂತೆ. ನಿಂತದ್ದು ಸೈಕಲ್ಲಿನ ಪಕ್ಕ, ಮನಸ್ಸು ಗುಡ್ಡದ ಮೇಲೆ. ಟೀಚರಮ್ಮ ಎದ್ದಿರುತ್ತಾರಾ, ಹಸಿವಾಗಿ ತಾವೇ ಒಲೆ ಹಚ್ಚಿರುತ್ತಾರಾ, ತಲೆ ಸುತ್ತಿ ಬಿದ್ದಿದ್ದರೆ, ಹೊಗೆ ತುಂಬಿದ್ದರೆ ಹೊರಗೆ ಬರುವುದಾದರೂ ಹೇಗೆ. ಒಂದು ಯೋಚನೆ ಅಟ್ಟಿದರೆ ಇನ್ನೊಂದು. ಭಾವನ ತಲೆಯೊಳಗೆ ದಿನವಿಡೀ ಹೀಗೇ ಇರುತ್ತದೇನೋ ಅನ್ನಿಸಿತು. ಗಿರಾಕಿಯೊಬ್ಬ ಬಂದು ಪ್ಯಾಂಟು ಕೇಳಿದ. ನಾಳೆ ಬನ್ನಿ ಅಂದೆ. ಅಂಗಡಿ ತೆರೆದೇ ಇದೆಯಲ್ಲ ಅಂದ. ಬಾಯಿ ಕೂಡ ತೆರೆದೇ ಇದೆ, ಬೈಸಿಕೊಳ್ಳುತ್ತೀರಾ ಅಂದೆ. ಹೋದ.

ಸ್ವಲ್ಪ ಹೊತ್ತಿಗೆ ಹೆಗಲಿಗೆ ಉದ್ದನೆಯ ಚೀಲ ನೇತುಹಾಕಿಕೊಂಡ ಒಬ್ಬ ಮನುಷ್ಯ ಬಂದು ಕಂಬಿಯ ಆ ತುದಿಯಿಂದ ಒಂದೊಂದೇ ಸೈಕಲ್ಲನ್ನು ಬಗ್ಗಿ ನೋಡತೊಡಗಿದ. ಹಿಡಿ ನೋಡಿದ, ಚಕ್ರ ನೋಡಿದ, ಬೀಗ ನೋಡಿದ. ನಮ್ಮದರ ಹತ್ತಿರ ಬಂದು ಕೈ ಚಾಚಿದ್ದೇ ತಡ, ನಾನು ಅವನ ಚೀಲದ ಪಟ್ಟಿ ಹಿಡಿದೆ. ಏನಿದೆ ಇದರಲ್ಲಿ, ಕತ್ತರಿಯಾ, ಗರಗಸವಾ, ಕಂಬಿ ಎಣಿಸುವ ಆಸೆಯಾ ಅಂತ ರಸ್ತೆಯವರೆಲ್ಲ ತಿರುಗಿ ನೋಡುವ ಹಾಗೆ ಕೂಗಿದೆ. ಅವನು ಬೆದರಿ ಚೀಲ ತೆರೆದು ತೋರಿಸಿದ. ಊಟದ ಡಬ್ಬಿ, ಒಂದು ಛತ್ರಿ. ಅವನ ಸೈಕಲ್ಲು ಹೋದ ತಿಂಗಳು ಇದೇ ಜಾಗದಿಂದ ಕಳುವಾಗಿತ್ತಂತೆ. ಕೆಲಸಕ್ಕೆ ಹೋಗುವಾಗ ದಿನಾ ಒಂದು ಸಲ ಬಂದು, ವಾಪಸು ಬಂದಿದೆಯೇನೋ ಅಂತ ನೋಡಿಕೊಂಡು ಹೋಗುತ್ತಾನಂತೆ. ಬರುವುದಿಲ್ಲ ಅಂತ ಗೊತ್ತು, ಆದರೂ ಕಾಲು ಇಲ್ಲಿಗೇ ಬರುತ್ತದೆ ಅಂದ. ನಾನು ಪಟ್ಟಿ ಬಿಟ್ಟೆ. ಅವನು ಸಾಲಿನ ಕೊನೆಯವರೆಗೂ ನೋಡಿಕೊಂಡು ಹೋದ. ಈ ಊರಿನಲ್ಲಿ ಕಳ್ಳ ಯಾರು, ಕಳೆದುಕೊಂಡವನು ಯಾರು ಅಂತ ಮುಖ ನೋಡಿ ಹೇಳಲಾಗುವುದಿಲ್ಲ.

ಬಿಸಿಲು ಏರಿತು. ಅಕ್ಕನಿಂದ ಫೋನಿಲ್ಲ, ನಾನು ಮಾಡಿದರೆ ಎತ್ತುತ್ತಿಲ್ಲ. ಕಾಲು ನೋಯುತ್ತಿತ್ತು. ಕಳ್ಳನ ಸೈಕಲ್ಲಲ್ಲ ನಮ್ಮದು, ಕೂತರೆ ಯಾರು ಕೇಳುತ್ತಾರೆ ಅಂತ ಸೀಟಿನ ಮೇಲೆ ಕೂರಲು ಹೋದೆ. ನಾನೂ ಭಾವನ ಹಾಗೆ ಉದ್ದಕ್ಕೆ ಬೆಳೆದವಳು, ಅಕ್ಕನ ಎತ್ತರಕ್ಕೆ ಇಳಿಸಿದ ಸೀಟಿನಲ್ಲಿ ಮಂಡಿ ಗಲ್ಲಕ್ಕೆ ಬಂತು. ಹಿಡಿ ಸಡಿಲಿಸಿ ಸೀಟು ಮೇಲಕ್ಕೆಳೆದೆ. ಬರಲಿಲ್ಲ. ಬೆಳಗಿನಿಂದ ಬಂದಿದ್ದ ಸಿಟ್ಟೆಲ್ಲ ಸೇರಿಸಿ ಜಗ್ಗಿದೆ. ಕೊಳವೆಯ ಸಮೇತ ಸೀಟು ಕಿತ್ತು ಕೈಗೆ ಬಂತು.

ಆ ಟೊಳ್ಳು ಕೊಳವೆಯ ಕೆಳತುದಿಯಲ್ಲಿ ಒಂದು ಚಿಂದಿ ಇಣುಕುತ್ತಿತ್ತು. ಎಳೆದೆ. ದಪ್ಪ ಕಪ್ಪು ದಾರದಿಂದ ಸುತ್ತಿದ ಒಂದು ಗಂಟು. ದಾರ ನನ್ನದು, ಕ್ಯಾನ್ವಾಸ್ ಹೊಲಿಯುವ ದಾರ. ಚಿಂದಿಯೂ ನನ್ನದೇ, ಜೇಬಿನ ಒಳಬಟ್ಟೆ, ಭಾವ ಸರಪಳಿ ಒರೆಸುವುದಕ್ಕೆಂದು ಇಸಿದುಕೊಂಡು ಹೋದದ್ದು. ಬಿಚ್ಚುವ ಮೊದಲೇ ನನಗೆ ಎಲ್ಲ ಗೊತ್ತಾಗಿ ಹೋಯಿತು. ಒಳಗೆ ಹೊಸ ಬೀಗದ ಹೊಸ ಕೀ ಇತ್ತು.

ಅಯ್ಯೋ ನನ್ನ ಭಾವನೇ! ಕಳ್ಳ ಬೀಗ ಹಾಕುವ ಮೊದಲೇ ನಾವೇ ಇನ್ನೊಂದು ಹಾಕಿಬಿಡೋಣ ಅಂತ ಹೊರಟಿದ್ದರು. ಆಮೇಲೆ ಅವರೇ ಬಿಡಿಸಿ ಹೇಳಿದರು. ಪಾಳಿಯ ನಡುವೆ ಜೊತೆಯವನೊಬ್ಬ ಮಾರಿದ ಬೀಗ ಅದು. ಕೀಯನ್ನು ಎಲ್ಲಿಡುವುದು ಎಂದು ಕಂಬಿಯ ಹತ್ತಿರ ನಿಂತು ಬಹಳ ಯೋಚಿಸಿದರಂತೆ. ನನ್ನ ಅಂಗಡಿಯ ಬಾಗಿಲ ಸಂದಿಯಲ್ಲಿ ತೂರಿಸಿದರೆ ಬೀದಿ ಗುಡಿಸುವವರ ಪೊರಕೆಗೆ ಸಿಕ್ಕೀತು. ಟೀ ಅಂಗಡಿಯವನ ಹತ್ತಿರ ಕೊಟ್ಟರೆ ಊರಿಗೆಲ್ಲ ಹೇಳಿಯಾನು. ಕಲ್ಲಿನ ಕೆಳಗೆ ಇಡೋಣವೆಂದರೆ ಎಲ್ಲರೂ ಇಡುವುದು ಅಲ್ಲೇ. ಸೀಟಿನ ಕೊಳವೆಯಾದರೆ ಕಳ್ಳನ ತಲೆಗೆ ಹೊಳೆಯುವುದಿಲ್ಲ. ಅದು ನಿಜವೇ. ಫೋನಿನಲ್ಲಿ ಹೇಳಿದರೆ ಬಸ್ಸಿನವರೆಲ್ಲ ಕೇಳಿಸಿಕೊಂಡಾರೆಂದು, ಕಿಟಕಿಯಿಂದಲೇ ಅಕ್ಕನಿಗೆ ಕೀ ತಿರುಗಿಸುವ ಸನ್ನೆ ಮಾಡಿ, ಸೀಟು ಎತ್ತುವ ಸನ್ನೆಯನ್ನೂ ಮಾಡಿದರು. ಎರಡನೆಯದು ಕಾಣುವಷ್ಟರಲ್ಲಿ ಬಸ್ಸು ದಾಟಿತ್ತು. ಮೊದಲನೆಯದು ಅಕ್ಕ ದಿನಾ ನೋಡುವ ಸನ್ನೆ, ಮನೆಗೆ ಬೀಗ ಹಾಕಿದ್ದೇನೆ ಅಂತ ದಿನದ ಹಾಗೆ ತಲೆ ಆಡಿಸಿದಳು. ಭಾವ ನಿಶ್ಚಿಂತೆಯಿಂದ ಹೋಗಿ ಮಲಗಿದರು. ಸೀಟು ಎತ್ತಿದರೆ ತಾನೇ ಕೀ ಸಿಗುವುದು? ಆದರೆ ಕೀ ಇಟ್ಟ ಮಹಾರಾಯರು, ದಿನದ ರೂಢಿಯಂತೆ, ಹೆಂಡತಿಗೆ ತೊಂದರೆಯಾಗಬಾರದೆಂದು ಸೀಟನ್ನು ಅವಳ ಅಳತೆಗೆ ಕರಾರುವಾಕ್ಕಾಗಿ ಇಳಿಸಿ ಹೋಗಿದ್ದರು. ಅದನ್ನು ಮುಟ್ಟುವ ಅಗತ್ಯವೇ ಅವಳಿಗೆ ಬರಲಿಲ್ಲ.

ನಗು ಬರಬೇಕಾಗಿತ್ತು. ಬರಲಿಲ್ಲ. ಅಂಗಡಿಯ ಬಾಗಿಲು ಎಳೆದು, ಸೀಟನ್ನು ಮೊದಲಿನಂತೆ ಕೂರಿಸಿ, ಆ ಬೀಗ ತೆಗೆದು, ಸೈಕಲ್ಲು ಹತ್ತಿ ಗುಡ್ಡದ ಕಡೆ ತುಳಿದೆ.

ಟೀಚರಮ್ಮನ ಮನೆಯ ಬಾಗಿಲು ತೆರೆದಿತ್ತು. ಅವರು ಮುಂದಿನ ಕೋಣೆಯ ಕುರ್ಚಿಯಲ್ಲಿ ಕೂತಿದ್ದರು. ಅಕ್ಕ ಕೆಳಗೆ ಕೂತು ಅವರ ಬೆರಳುಗಳಿಗೆ ಮುಲಾಮು ಹಚ್ಚುತ್ತಿದ್ದಳು. ಉಗುರಿನ ಬುಡ ಕೆಂಪಾಗಿ ಸುಲಿದಿತ್ತು. ಬೆಳಗ್ಗೆ ಎದ್ದು, ಅಕ್ಕ ಬರದ್ದನ್ನು ನೋಡಿ, ದಾರಿ ನೋಡೋಣವೆಂದು ಬಾಗಿಲ ಬಳಿ ಹೋಗಿದ್ದಾರೆ. ಒಳಗೆ ಚಿಲಕ ಹಾಕಿರಲಿಲ್ಲ, ಆದರೂ ಬಾಗಿಲು ಬರಲಿಲ್ಲ. ಎಳೆದಿದ್ದಾರೆ, ಬಡಿದಿದ್ದಾರೆ, ಸಂದಿಯಲ್ಲಿ ಬೆರಳು ತೂರಿಸಿದ್ದಾರೆ, ಕಿಟಕಿಯಲ್ಲಿ ಕೂಗಿದ್ದಾರೆ. ಯಾರಿಗೂ ಕೇಳಿಸಲಿಲ್ಲ. ಅಕ್ಕ ಹೋಗಿ ಸೇರಿದಾಗ ಟೀಚರಮ್ಮ ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಿದ್ದರಂತೆ. ಇನ್ಸುಲಿನ್ ಆಗಿತ್ತು, ತಿಂಡಿಯೂ ಆಗಿತ್ತು. ಜೀವಕ್ಕೇನೂ ಆಗಿರಲಿಲ್ಲ. ನಾನು ಬಾಗಿಲ ಚೌಕಟ್ಟಿಗೆ ಒರಗಿ ಉಸಿರು ಬಿಟ್ಟೆ.

ನಾನು ಯಾರೆಂದು ಅಕ್ಕ ಹೇಳಿದಳು. ಟೀಚರಮ್ಮ ನನ್ನ ಕಡೆ ತಿರುಗಿದರು.

"ನೋಡಮ್ಮ, ರಾತ್ರಿ ಯಾರೋ ಬಂದು ನನ್ನ ಬಾಗಿಲಿಗೆ ಬೀಗ ಹಾಕಿ ಹೋಗಿದಾರೆ. ನಮ್ಮದಲ್ಲ ಆ ಬೀಗ. ಪುಣ್ಯಕ್ಕೆ ಇವಳು ಬಂದಳು, ಇವಳ ಹತ್ರ ಅದರ ಕೀ..."

ಅಲ್ಲಿಗೆ ನಿಲ್ಲಿಸಿದರು. ಮೇಜಿನ ಮೇಲೆ ಆ ಬೀಗ ಇತ್ತು, ಅದರ ಪಕ್ಕದಲ್ಲಿ ಅಕ್ಕನ ಕೀ ಗೊಂಚಲು. ಅವರು ಅದನ್ನು ನೋಡಿದರು. ಆಮೇಲೆ ಅಕ್ಕನನ್ನು ನೋಡಿದರು.

"ನಿನ್ನ ಹತ್ರ ಇದರ ಕೀ ಹೇಗೆ ಬಂತು?"

ಅಕ್ಕ ತಲೆ ಎತ್ತಲಿಲ್ಲ. ಮುಲಾಮು ಹಚ್ಚುತ್ತಿದ್ದ ಕೈ ಮಾತ್ರ ನಿಂತಿತು.

"ದಿನಾನಾ?" ಅಂದರು ಟೀಚರಮ್ಮ.

ಅಕ್ಕ ಹೂಂ ಅಂದದ್ದು ನನಗೆ ಸರಿಯಾಗಿ ಕೇಳಿಸಲೂ ಇಲ್ಲ. ಅವರು ತಮ್ಮ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡು ಮಡಿಲಲ್ಲಿ ಇಟ್ಟುಕೊಂಡರು. ಬೈದಿದ್ದರೆ ಚೆನ್ನಾಗಿತ್ತು. ನಾನಾಗಿದ್ದರೆ ಮನೆಯ ಸೂರು ಹಾರುವ ಹಾಗೆ ಬೈಯುತ್ತಿದ್ದೆ. ನಾನು ಸೈಕಲ್ಲು ಅಲ್ಲೇ ಅಕ್ಕನಿಗೆ ಬಿಟ್ಟು ನಡೆದುಕೊಂಡು ಇಳಿದೆ.

ಸಂಜೆ ಅಕ್ಕ ಬಂದು ಸೈಕಲ್ಲನ್ನು ಕಂಬಿಗೆ ಕಟ್ಟಿದಳು. ಸೀಟು ಏರಿಸಲಿಲ್ಲ. ಬಸ್ಸು ಬಂತು, ಹೋಯಿತು, ಅವಳು ಹತ್ತಲಿಲ್ಲ. ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂತಳು. ಕೂತಲ್ಲಿಂದಲೇ ಹೇಳಿದಳು. ದಿನಾ ಬೇಗ ಮಲಗುವ ಟೀಚರಮ್ಮ ಇವತ್ತು ಮಲಗಲಿಲ್ಲ. ಮಂಚದ ಮೇಲೆ ಎದ್ದು ಕೂತು, ಅಕ್ಕ ಬೀಗ ಹಿಡಿದುಕೊಂಡು ನಿಂತದ್ದನ್ನು ನೋಡುತ್ತಿದ್ದರು. ಕೊನೆಗೆ, ಹಾಕಿಕೊಂಡು ಹೋಗಮ್ಮಾ, ನಿನ್ನ ಕೆಲಸ ಅದು ಅಂದರು. ಅಕ್ಕ ಹಾಕಿಕೊಂಡು ಬಂದಿದ್ದಳು.

ಭಾವ ಬಂದರು. ಸೀಟು ಇಳಿದೇ ಇರುವುದನ್ನು ನೋಡಿದ ಕೂಡಲೇ ಅವರ ಮುಖದ ಬಣ್ಣ ಹೋಯಿತು. ಸುತ್ತ ಹುಡುಕಿ, ಅಕ್ಕ ಕಂಡ ಮೇಲೆ ಎದೆ ಹಿಡಿದುಕೊಂಡು ಹತ್ತಿರ ಬಂದರು. ನಾನು ಹೊಸ ಬೀಗವನ್ನೂ ಚಿಂದಿಯನ್ನೂ ಅವರ ಮುಂದಿಟ್ಟೆ. ಬೆಳಗಿನಿಂದ ಕಟ್ಟಿಟ್ಟುಕೊಂಡಿದ್ದ ಬೈಗುಳವೆಲ್ಲ ನಾಲಿಗೆಯ ತುದಿಯಲ್ಲಿತ್ತು, ಆದರೆ ಅಕ್ಕನೇ ಮೊದಲು ಮಾತಾಡಿದಳು. ಸೈಕಲ್ಲಿನ ಕಥೆ ಎರಡು ಮಾತಿನಲ್ಲಿ ಮುಗಿಸಿದಳು. ಟೀಚರಮ್ಮನದನ್ನು ನಿಧಾನಕ್ಕೆ ಹೇಳಿದಳು, ಬೆರಳಿನದನ್ನೂ ಹೇಳಿದಳು. ಅವರು ಒಳಗೆ ಕೂಗುತ್ತಿರುವಾಗ ನಾನು ಇಲ್ಲಿ ಸೈಕಲ್ಲು ಕಾಯುತ್ತಾ ನಿಂತಿದ್ದೆನಲ್ಲ ಅಂದಳು. ಆಗ ಅಳು ಬಂತು.

ಭಾವ ನಿಂತೇ ಇದ್ದರು. ಅವರ ಪಾಳಿಗೆ ಹೊತ್ತಾಗುತ್ತಿತ್ತು. ಒಂದು ದಿನವೂ ತಡವಾಗಿ ಹೋದವರಲ್ಲ. ಈ ಮನುಷ್ಯ ಈಗ ಏನೆನ್ನುತ್ತಾರೆ ಅಂತ ನನಗೆ ಗೊತ್ತಿತ್ತು. ಊರು ಕೆಟ್ಟಿದೆ, ಕಳ್ಳರು ಬರುತ್ತಾರೆ, ತಮ್ಮನ ಮಗ ಹೇಳಿದ್ದೇ ಸರಿ, ನಮಗ್ಯಾಕೆ ದೊಡ್ಡವರ ಉಸಾಬರಿ. ಅವರು ಬಗ್ಗಿ ಸೀಟಿನ ಹಿಡಿ ಸಡಿಲಿಸಿ, ಸೀಟನ್ನು ತಮ್ಮ ಎತ್ತರಕ್ಕೆ ತಾವೇ ಏರಿಸಿಕೊಂಡರು.

"ನಡಿ, ತೆಗೆದು ಬರೋಣ" ಅಂದರು.

"ಕೆಲಸ ಹೋದ್ರೆ?" ಅಂದಳು ಅಕ್ಕ.

"ನಂಗೂ ಅದೇ ಭಯ. ಹತ್ತು."

ಅಕ್ಕ ಹಿಂದಿನ ಕ್ಯಾರಿಯರ್ ಮೇಲೆ ಕೂತಳು. ಭಾವ ತುಳಿದರು. ಒಂದೇ ಸೈಕಲ್ಲನ್ನು ಇಷ್ಟು ವರ್ಷ ಹಂಚಿಕೊಂಡವರು ಇಬ್ಬರೂ ಒಟ್ಟಿಗೆ ಅದರ ಮೇಲೆ ಹೋದದ್ದನ್ನು ನಾನು ನೋಡಿದ್ದು ಅದೇ ಮೊದಲು. ಏರು ಶುರುವಾಗುವಲ್ಲಿ ಇಬ್ಬರೂ ಇಳಿದು ತಳ್ಳಿಕೊಂಡು ಹೋದರು. ಯಾವಾಗಲೂ ಹಿಂದೆ ತಿರುಗಿ ನೋಡುವ ಭಾವ ಅಂದು ನೋಡಲಿಲ್ಲ. ಅವಸರದಲ್ಲಿ ಹೊಸ ಬೀಗವನ್ನು ನನ್ನ ಮೆಟ್ಟಿಲ ಮೇಲೇ ಬಿಟ್ಟು ಹೋಗಿದ್ದರು. ಅದು ಈಗಲೂ ನನ್ನ ಯಂತ್ರದ ಕೆಳಗಿನ ಖಾನೆಯಲ್ಲಿ ಬಿದ್ದಿದೆ, ಯಾರೂ ಕೇಳಲಿಲ್ಲ.

ಟೀಚರಮ್ಮನ ತಮ್ಮನ ಮಗ ಫೋನಿನಲ್ಲಿ ಕೂಗಾಡಿದ. ಏನಾದರೂ ಆದರೆ ನೀವೇ ಹೊಣೆ ಅಂತ ಅಕ್ಕನಿಗೆ ಹೇಳಿದ್ದಾನೆ. ಬೇರೆಯವರು ಸಿಗುವವರೆಗೆ ಇರಲಿ ಅಂತ ಇಟ್ಟುಕೊಂಡಿದ್ದಾನೋ ಏನೋ, ಇನ್ನೂ ಕೆಲಸದಿಂದ ತೆಗೆದಿಲ್ಲ. ಈಗ ಸಂಜೆ ಅಕ್ಕ ಹೊರಗೆ ಬಂದ ಮೇಲೆ ಟೀಚರಮ್ಮ ಒಳಗಿನಿಂದ ತಾವೇ ಚಿಲಕ ಹಾಕಿಕೊಳ್ಳುತ್ತಾರೆ. ಅಕ್ಕನ ಉಂಗುರದಲ್ಲಿ ಆ ಕೀ ಇಲ್ಲ. ಬೆಳಗ್ಗೆ ಅವಳು ಬಾಗಿಲು ತಟ್ಟಬೇಕು. ಟೀಚರಮ್ಮ ಯಾರು ಅಂತ ಕೇಳುತ್ತಾರೆ, ದನಿ ಗುರುತು ಹಿಡಿಯುತ್ತಾರೆ, ಸೋತ ಮಂಡಿ ಊರಿಕೊಂಡು ಎದ್ದು ಬರುತ್ತಾರೆ. ತಟ್ಟಿದ ಮೇಲೆ ಒಳಗಿನಿಂದ ಚಿಲಕ ಸರಿಯುವ ಸದ್ದು ಕೇಳುವವರೆಗೆ ಅಕ್ಕನಿಗೆ ಜೀವದಲ್ಲಿ ಜೀವ ಇರುವುದಿಲ್ಲವಂತೆ. ಆ ಹೊತ್ತಿನಲ್ಲಿ ಸೈಕಲ್ಲು ಅವಳ ಹಿಂದೆ ರಸ್ತೆಯಲ್ಲಿ ಬೀಗವಿಲ್ಲದೆ ನಿಂತಿರುತ್ತದೆ.